ಬಟನ್‌ಗೆ ಹೆಸರಿಡಿ: ಸ್ಕ್ರೀನ್ ರೀಡರ್‌ಗಳು, ಅವು ಓಡುವ ಯಂತ್ರಗಳು ಮತ್ತು ನಮ್ಮ ಕನ್ನಡ

(ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಗ್ರಂಥಾಲಯ ಸಿಬ್ಬಂದಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ವೇದಿಕೆಯ ಮೇಲೆ ಕೇಳಿಸಿ ತೋರಿಸಿದ್ದನ್ನು ಇಲ್ಲಿ ವಿವರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವುದು ನನ್ನ ಕೆಲಸ. ಕಲಿಯಲು ಬರುವವರು, ಅವರನ್ನು ಕರೆತರುವ ಅಪ್ಪ ಅಮ್ಮಂದಿರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ವಿಂಡೋಸ್ ತಗೊಳ್ಳೋದಾ, ಮ್ಯಾಕ್ ತಗೊಳ್ಳೋದಾ, ಲಿನಕ್ಸ್ ಆಗುತ್ತಾ, ಅಥವಾ ಒಂದು ಒಳ್ಳೆಯ ಫೋನ್ ಇದ್ದರೆ ಸಾಕಾ? ನ್ಯಾಯವಾದ ಪ್ರಶ್ನೆ, ದುಡ್ಡು ಹಾಕುವವರು ಅವರು. ಇವತ್ತು ಆ ಪ್ರಶ್ನೆಗೆ ವಿವರವಾಗಿಯೇ ಉತ್ತರ ಹೇಳುತ್ತೇನೆ. ಜೊತೆಗೆ, ಆ ಉತ್ತರಕ್ಕಿಂತ ನನಗೆ ಮುಖ್ಯವಾದ ಇನ್ನೊಂದು ವಿಷಯವೂ ಇದೆ. ಇವತ್ತು ನೀವು ಯಾವ ಯಂತ್ರ ಕೊಂಡರೂ ಪರದೆಯ ಮೇಲಿರುವುದನ್ನು ದನಿಯಾಗಿ ಹೇಳುವ ಒಂದು ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅದಕ್ಕೆ ಸಿಗುತ್ತದೆ, ಹೆಚ್ಚಿನ ಕಡೆ ಪುಕ್ಕಟೆಯಾಗಿಯೇ ಸಿಗುತ್ತದೆ. ಇಷ್ಟಾದ ಮೇಲೂ ನಮ್ಮ ಕೆಲಸ ನಿಲ್ಲುವುದು ಆ ಯಂತ್ರದ ಮೇಲೆ ಓಡುವ ಆ್ಯಪ್, ಜಾಲತಾಣ, ಪಿಡಿಎಫ್‌ಗಳಲ್ಲಿ. ಅವನ್ನು ಮಾಡುವವರು ನೀವು. ಇವತ್ತಲ್ಲದಿದ್ದರೆ ಇನ್ನೆರಡು ವರ್ಷಕ್ಕೆ, ಕೆಲಸಕ್ಕೆ ಸೇರಿದ ಮೇಲೆ.

ಸ್ಕ್ರೀನ್ ರೀಡರ್ ಎಂದರೆ ಪರದೆಯನ್ನು ಕ್ಯಾಮೆರಾದ ಹಾಗೆ ನೋಡಿ, ಅಲ್ಲಿರುವುದನ್ನು ಓದುವ ತಂತ್ರಾಂಶ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಕೆಲಸ ಮಾಡುವ ಬಗೆ ಬೇರೆ. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದಲ್ಲಿ ಪರದೆಯ ಮೇಲೆ ಇರುತ್ತಿದ್ದದ್ದು ಅಕ್ಷರ ಮಾತ್ರ. ಸಾಲಿಗೆ 80 ಅಕ್ಷರ, ಒಟ್ಟು 25 ಸಾಲು. ಆ 2000 ಅಕ್ಷರಗಳು ಮೆಮೊರಿಯ ಒಂದು ಗೊತ್ತಾದ ಜಾಗದಲ್ಲಿ ಕೂತಿರುತ್ತಿದ್ದವು. ಅಲ್ಲಿಂದ ಎತ್ತಿ ಧ್ವನಿಯಂತ್ರಕ್ಕೆ ಕೊಟ್ಟರೆ ಮುಗಿಯಿತು. ಐಬಿಎಂ ಕಂಪನಿಯ ಸಂಶೋಧಕ ಜಿಮ್ ಥ್ಯಾಚರ್ 1986ರ ಹೊತ್ತಿಗೆ ಮಾಡಿದ್ದು ಇದನ್ನೇ. ಈಗ ನಾವೆಲ್ಲ ಬಳಸುವ 'ಸ್ಕ್ರೀನ್ ರೀಡರ್' ಎಂಬ ಹೆಸರು ಆಗ ಐಬಿಎಂನ ಆ ಒಂದು ತಂತ್ರಾಂಶದ ಹೆಸರಾಗಿತ್ತು.

ವಿಂಡೋಸ್ ಬಂತು, ಚಿತ್ರಮಯವಾದ ಪರದೆ ಬಂತು. ಅಕ್ಷರಗಳು ಹೋಗಿ ಬರಿಯ ಚುಕ್ಕಿಗಳಾದವು. ಕಣ್ಣು ಕಾಣುವವರಿಗೆ ಕಂಪ್ಯೂಟರ್ ಸುಲಭವಾದ ಅದೇ ಹೊತ್ತಿಗೆ ನಮ್ಮವರು ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದರು. ಆಗಿನ ಸ್ಕ್ರೀನ್ ರೀಡರ್‌ಗಳು ಒಂದು ಸಾಹಸ ಮಾಡಿದವು. ವಿಂಡೋಸ್ ಪರದೆಯ ಮೇಲೆ ಏನಾದರೂ ಬರೆಯಲು ಹೊರಟಾಗ ಆ ಆಜ್ಞೆಯನ್ನು ನಡುವೆಯೇ ಹಿಡಿದು, ಎಲ್ಲಿ ಏನು ಬರೆಯಲಾಯಿತು ಎಂಬ ನಕ್ಷೆಯೊಂದನ್ನು ತಮ್ಮಲ್ಲೇ ಕಟ್ಟಿಕೊಂಡವು. ಕೆಲಸವೇನೋ ನಡೆಯುತ್ತಿತ್ತು. ಆದರೆ ಹೊಸ ಆವೃತ್ತಿ ಬಂದಾಗಲೆಲ್ಲ ಆ ನಕ್ಷೆ ಹರಿದುಹೋಗುತ್ತಿತ್ತು. 1997ರಲ್ಲಿ ಮೈಕ್ರೋಸಾಫ್ಟ್ ಒಂದು ಅಧಿಕೃತ ದಾರಿ ಮಾಡಿಕೊಟ್ಟಿತು. ಆ್ಯಕ್ಟಿವ್ ಆ್ಯಕ್ಸೆಸಿಬಿಲಿಟಿ ಎಂದು ಅದರ ಹೆಸರು. ಅಲ್ಲಿಂದ ಮುಂದೆ ಪ್ರತಿ ಆ್ಯಪ್ ತನ್ನ ಪರದೆಯ ಮೇಲಿರುವ ಒಂದೊಂದು ವಸ್ತುವಿನ ಬಗ್ಗೆಯೂ ಕೆಲವು ಸಂಗತಿಗಳನ್ನು ತಾನಾಗಿ ಹೇಳಬೇಕು. ನಿನ್ನ ಹೆಸರೇನು? ನೀನು ಬಟನ್ನೋ, ಚೆಕ್‌ಬಾಕ್ಸೋ, ಶೀರ್ಷಿಕೆಯೋ? ಈಗ ಟಿಕ್ ಆಗಿದೆಯೋ ಇಲ್ಲವೋ? ಇವತ್ತು ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲದರಲ್ಲೂ ಈ ಏರ್ಪಾಡು ಇದೆ. ಹೆಸರುಗಳು ಬೇರೆ, ಒಳಗಿನ ತಿರುಳು ಇದೇ.

ಈಗ ಒಂದನ್ನು ಕೇಳಿಸುತ್ತೇನೆ. ಈ ಲ್ಯಾಪ್‌ಟಾಪ್‌ನಲ್ಲಿ ಪುಟ್ಟದೊಂದು ವೆಬ್ ಪುಟ ಮಾಡಿ ತಂದಿದ್ದೇನೆ. ಅದರಲ್ಲಿ ಎರಡು ಬಟನ್ ಇವೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ ಎಂದು ಇದನ್ನು ಮಾಡಿಕೊಟ್ಟ ಗೆಳೆಯ ಹೇಳಿದ್ದಾರೆ. ಎರಡರ ಮೇಲೂ ಲಕೋಟೆಯ ಚಿತ್ರವಿದೆಯಂತೆ. ಟ್ಯಾಬ್ ಒತ್ತುತ್ತೇನೆ. "ಪತ್ರ ಕಳಿಸಿ, ಬಟನ್." ಕೇಳಿತಲ್ಲ? ಮತ್ತೆ ಟ್ಯಾಬ್. "ಬಟನ್." ಅಷ್ಟೇ. ಮೊದಲನೆಯದಕ್ಕೆ ಬರೆದವರು ಹೆಸರು ಕೊಟ್ಟಿದ್ದಾರೆ, ಎರಡನೆಯದಕ್ಕೆ ಕೊಟ್ಟಿಲ್ಲ. ಒಂದೇ ಒಂದು ಸಾಲಿನ ವ್ಯತ್ಯಾಸ. ಎರಡನೆಯದು ಕಳಿಸುವ ಬಟನ್ ಆಗಿರಬಹುದು, ಅಳಿಸುವ ಬಟನ್ ಆಗಿರಬಹುದು, ಹಣ ಪಾವತಿಸುವ ಬಟನ್ ಆಗಿರಬಹುದು. ನನಗೆ ಒತ್ತಿ ನೋಡದೆ ಗೊತ್ತಾಗುವುದಿಲ್ಲ. ಇದೇ ಪುಟದಲ್ಲಿ ಇನ್ನೊಂದು ಬಟನ್ ಇದೆ, ಅದು ನನ್ನ ಟ್ಯಾಬ್‌ಗೆ ಸಿಗುವುದೇ ಇಲ್ಲ. ಅದನ್ನು ಬಟನ್ ಟ್ಯಾಗ್ ಬಳಸದೆ, ಡಿವ್ ಎಂಬ ಬರಿಯ ಚೌಕಕ್ಕೆ ಬಣ್ಣ ಬಳಿದು, ಮೌಸ್ ಕ್ಲಿಕ್‌ಗೆ ಮಾತ್ರ ಸ್ಪಂದಿಸುವ ಹಾಗೆ ಬರೆಯಲಾಗಿದೆ. ಕಣ್ಣಿಗೆ ಅದು ಬಟನ್, ಕೀಬೋರ್ಡಿಗೆ ಅದು ಇಲ್ಲವೇ ಇಲ್ಲ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈಗ ಒಂದೊಂದೇ ಯಂತ್ರಕ್ಕೆ ಬರೋಣ.

ವಿಂಡೋಸ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಕಚೇರಿ ಕೆಲಸಕ್ಕೆ ಸೇರುವ ನಮ್ಮವರಲ್ಲಿ ಹೆಚ್ಚಿನವರು ಕೂರುವುದು ಅದರ ಮುಂದೆಯೇ. ಇಲ್ಲಿ ದೊಡ್ಡ ಹೆಸರು ಜಾಸ್. ಟೆಡ್ ಹೆಂಟರ್ ಎಂಬ ಅಮೆರಿಕದ ಮೋಟಾರ್ ಸೈಕಲ್ ರೇಸರ್ 1978ರ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡು, ಆಮೇಲೆ ಪ್ರೋಗ್ರಾಮಿಂಗ್ ಕಲಿತು ಕಟ್ಟಿದ ತಂತ್ರಾಂಶ ಅದು. ಡಾಸ್‌ಗೆ 1989ರಲ್ಲಿ, ವಿಂಡೋಸ್‌ಗೆ 1995ರಲ್ಲಿ ಬಂತು. ಬಹಳ ಗಟ್ಟಿಯಾದ ಕೆಲಸ. ಎಕ್ಸೆಲ್ ಹಾಳೆಯಲ್ಲಿ ದಿನವಿಡೀ ಓಡಾಡುವವರು ಇವತ್ತಿಗೂ ಅದನ್ನು ಬಿಟ್ಟುಕೊಡುವುದಿಲ್ಲ. ತೊಂದರೆ ಬೆಲೆಯದು. ನಮ್ಮ ಸಾಮಾನ್ಯ ಕುಟುಂಬಕ್ಕೆ ಅದು ಎಟುಕುವುದಿಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದರೆ 40 ನಿಮಿಷ ಮಾತಾಡಿ ನಿಂತುಬಿಡುತ್ತದೆ, ಮತ್ತೆ ಬೇಕಾದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು. ನನ್ನ ವಯಸ್ಸಿನ ಎಷ್ಟೋ ಜನ ವರ್ಡ್ ಕಲಿತದ್ದು ಈ 40 ನಿಮಿಷದ ಕಂತುಗಳಲ್ಲೇ.

ಆ ಕಾಲವನ್ನು ಮುಗಿಸಿದ್ದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕಲ್ ಕರ್ರನ್ ಎಂಬ ಅಂಧ ಯುವಕ 2006ರಲ್ಲಿ ಅದನ್ನು ಬರೆಯಲು ಶುರು ಮಾಡಿದರು. ಅವರಂತೆಯೇ ಕಣ್ಣು ಕಾಣದ ಗೆಳೆಯ ಜೇಮ್ಸ್ ಟೇ ಜೊತೆಯಾದರು. ಇಬ್ಬರೂ ಚಿಕ್ಕವರಿದ್ದಾಗ ಅಂಧ ಮಕ್ಕಳ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾದವರು. ಕಣ್ಣು ಕಾಣುವವರು ಕಂಪ್ಯೂಟರ್ ಬಳಸಲು ಹೆಚ್ಚುವರಿ ದುಡ್ಡು ಕೊಡುವುದಿಲ್ಲ, ನಾವೇಕೆ ಕೊಡಬೇಕು ಎಂಬುದು ಅವರ ವಾದವಾಗಿತ್ತು. ಎನ್‌ವಿಡಿಎ ಸಂಪೂರ್ಣ ಉಚಿತ, ಮೂಲ ಸಂಕೇತವೂ ಮುಕ್ತ, ಬಹುಪಾಲು ಪೈಥಾನ್‌ನಲ್ಲಿದೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳು ಇವತ್ತು ರಾತ್ರಿಯೇ ತೆರೆದು ಓದಬಹುದು. ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಯಾವ ಸೈಬರ್ ಕೆಫೆಯ ಯಂತ್ರದಲ್ಲೂ ಇನ್‌ಸ್ಟಾಲ್ ಮಾಡದೆ ಓಡುತ್ತದೆ. ಸ್ಕ್ರೀನ್ ರೀಡರ್ ಬಳಸುವವರ ನಡುವೆ ವೆಬ್‌ಏಮ್ ಸಂಸ್ಥೆ ನಡೆಸಿ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಜಾಸ್ ತಮ್ಮ ಮುಖ್ಯ ಸಾಧನ ಎಂದವರು ಶೇ 40.5, ಎನ್‌ವಿಡಿಎ ಎಂದವರು ಶೇ 37.7. ಉತ್ತರಿಸಿದವರಲ್ಲಿ ಉತ್ತರ ಅಮೆರಿಕದವರು ಹೆಚ್ಚು ಎಂಬುದನ್ನು ಮರೆಯಬಾರದು. ನನ್ನ ತರಗತಿಗೆ ಬರುವವರಲ್ಲಂತೂ ಎನ್‌ವಿಡಿಎ ಬಿಟ್ಟು ಬೇರೆ ಕೇಳಿದವರು ಕಡಿಮೆ. ವಿಂಡೋಸ್‌ನಲ್ಲೇ ಇರುವ ನರೇಟರ್ 2000ದಿಂದ ಇದೆ. ಬಹಳ ಕಾಲ ಅದು ತುರ್ತಿಗೆ ಮಾತ್ರ ಎಂಬಂತಿತ್ತು, ಈಗ ಸುಧಾರಿಸಿದೆ. ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಮಾತಾಡುತ್ತದೆ. ಹೊಸ ಕಂಪ್ಯೂಟರ್ ತಂದು ಮೊದಲ ಸಲ ಹಚ್ಚಿದಾಗಲೂ ಇದು ಸಿಗುವುದರಿಂದ ಯಾರ ನೆರವೂ ಇಲ್ಲದೆ ಯಂತ್ರವನ್ನು ಸಿದ್ಧ ಮಾಡಿಕೊಳ್ಳಬಹುದು.

ವಿಂಡೋಸ್ ಸ್ಕ್ರೀನ್ ರೀಡರ್‌ಗಳ ನಿಜವಾದ ಬಲ ವೆಬ್ ಪುಟದಲ್ಲಿ ಗೊತ್ತಾಗುತ್ತದೆ. ಇಡೀ ಪುಟವನ್ನು ಅವು ಒಂದು ದಾಖಲೆಯ ಹಾಗೆ ಪ್ರತಿ ಮಾಡಿ ಇಟ್ಟುಕೊಳ್ಳುತ್ತವೆ. ಆಮೇಲೆ ಕೀಬೋರ್ಡಿನ ಒಂದೊಂದು ಅಕ್ಷರ ಒಂದೊಂದು ನೆಗೆತ. ಎನ್‌ವಿಡಿಎಯಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಕೊಂಡಿ, ಬಿ ಒತ್ತಿದರೆ ಬಟನ್, ಟಿ ಒತ್ತಿದರೆ ಕೋಷ್ಟಕ. ಪತ್ರಿಕೆಯ ಮುಖಪುಟದಲ್ಲಿ ಎಚ್ ಒತ್ತುತ್ತಾ ಹೋದರೆ ಸುದ್ದಿಯಿಂದ ಸುದ್ದಿಗೆ ಹಾರಿ ಬೇಕಾದದ್ದರಲ್ಲಿ ನಿಲ್ಲಬಹುದು. ಆದರೆ ಇದು ನಡೆಯುವುದು ಪುಟ ಬರೆದವರು ಶೀರ್ಷಿಕೆಯನ್ನು ಶೀರ್ಷಿಕೆ ಎಂದೇ ಗುರುತಿಸಿದ್ದರೆ ಮಾತ್ರ. ಅಕ್ಷರವನ್ನು ದಪ್ಪ ಮಾಡಿ, ದೊಡ್ಡದು ಮಾಡಿ ಬಿಟ್ಟರೆ ಕಣ್ಣಿಗೆ ಅದು ಶೀರ್ಷಿಕೆ, ನನ್ನ ಎಚ್ ಕೀಲಿಗೆ ಅದು ಮಾಮೂಲಿ ಸಾಲು. ಅಂಥ ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲು ಕೇಳುತ್ತಾ ಇಳಿಯಬೇಕು.

ಮ್ಯಾಕ್ ಬಗ್ಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಏಕೆಂದರೆ ನಮ್ಮಲ್ಲಿ ಅದನ್ನು ಕೊಳ್ಳುವವರು ಕಡಿಮೆ. ಆದರೆ ಚರಿತ್ರೆಯಲ್ಲಿ ಅದಕ್ಕೊಂದು ಜಾಗ ಸಲ್ಲಬೇಕು. 2005ರಲ್ಲಿ ಆಪಲ್ ತನ್ನ ಟೈಗರ್ ಆವೃತ್ತಿಯಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಅನ್ನು ಯಂತ್ರದೊಳಗೇ ಸೇರಿಸಿ ಕೊಟ್ಟಿತು. ಅಲ್ಲಿಯವರೆಗೆ ನೆಚ್ಚಿಕೊಳ್ಳಬಹುದಾದ ಸ್ಕ್ರೀನ್ ರೀಡರ್ ಎಂದರೆ ಸಾಮಾನ್ಯವಾಗಿ ಹೊರಗಿನಿಂದ ದುಡ್ಡು ಕೊಟ್ಟು ತಂದು ಹಾಕಿಕೊಳ್ಳುವ ವಸ್ತುವಾಗಿತ್ತು. ವಿಂಡೋಸ್‌ನಿಂದ ಮ್ಯಾಕ್‌ಗೆ ಹೋದವರು ಮೊದಲ ವಾರ ತಬ್ಬಿಬ್ಬಾಗುತ್ತಾರೆ. ಅಲ್ಲಿ ಪರದೆ ಎಂದರೆ ಡಬ್ಬಿಯೊಳಗೆ ಡಬ್ಬಿ. ಕಂಟ್ರೋಲ್ ಮತ್ತು ಆಪ್ಷನ್ ಕೀಲಿ ಹಿಡಿದು ಬಾಣದ ಗುರುತಿನಲ್ಲಿ ಸಾಗಬೇಕು, ಒಂದು ಭಾಗ ಬಂದರೆ ಅದರೊಳಗೆ ಇಳಿಯಬೇಕು, ಕೆಲಸ ಮುಗಿದ ಮೇಲೆ ಹೊರಗೆ ಬರಬೇಕು. ಕಲಿತವರಿಗೆ ಇಷ್ಟವಾಗುತ್ತದೆ. ನನಗೆ ಕೇಳಿದರೆ, ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಮೊದಲು ವಿಂಡೋಸ್ ಕಲಿಯುವುದೇ ಸರಿ. ಕಚೇರಿಯಲ್ಲಿ ಮೇಜಿನ ಮೇಲೆ ಇರುವುದು ಅದೇ.

ಲಿನಕ್ಸ್‌ನಲ್ಲಿ ಓರ್ಕಾ ಇದೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಹುಟ್ಟಿ, 2006ರಿಂದ ಗ್ನೋಮ್ ಡೆಸ್ಕ್‌ಟಾಪ್‌ನ ಭಾಗವಾಗಿ ಬರುತ್ತಿದೆ. (ಡಾಲ್ಫಿನ್, ಶಾರ್ಕ್, ತಿಮಿಂಗಿಲ ಹೀಗೆ ನೀರಿನ ಜೀವಿಗಳನ್ನು ನೆನಪಿಸುವ ಹೆಸರಿಡುವುದು ಸ್ಕ್ರೀನ್ ರೀಡರ್ ಮಾಡುವವರ ಹಳೆಯ ಪದ್ಧತಿ, ಓರ್ಕಾ ಆ ಸಾಲಿಗೆ ಸೇರಿತು.) ಲಿನಕ್ಸ್ ಲೋಕದಲ್ಲಿ ನನಗೆ ಬಹಳ ಗೌರವ ಇರುವುದು ಡೆಬಿಯನ್ ಎಂಬ ಲಿನಕ್ಸ್ ಬಗೆಯ ಮೇಲೆ. ಅದನ್ನು ಇನ್‌ಸ್ಟಾಲ್ ಮಾಡಲು ಹೊರಟಾಗ ಮೊದಲ ಪರದೆಯಲ್ಲೇ ಎಸ್ ಒತ್ತಿ ಎಂಟರ್ ಕೊಟ್ಟರೆ ಇಡೀ ಇನ್‌ಸ್ಟಾಲೇಶನ್ ಮಾತಾಡುತ್ತಾ ಸಾಗುತ್ತದೆ. ಇನ್ನೊಂದು ಕಡೆ, ಲಿನಕ್ಸ್‌ನ ಪರದೆ ವ್ಯವಸ್ಥೆ ಹಳೆಯ ಎಕ್ಸ್‌ನಿಂದ ವೇಲ್ಯಾಂಡ್‌ಗೆ ಬದಲಾಗುತ್ತಿದೆ. ಒಂದು ಆ್ಯಪ್‌ನಲ್ಲಿ ಒತ್ತಿದ ಕೀಲಿ ಇನ್ನೊಂದಕ್ಕೆ ತಿಳಿಯಬಾರದು ಎಂಬುದು ವೇಲ್ಯಾಂಡ್‌ನ ಭದ್ರತಾ ನಿಯಮ. ಆದರೆ ಸ್ಕ್ರೀನ್ ರೀಡರ್‌ಗೆ ಎಲ್ಲ ಆ್ಯಪ್‌ಗಳ ಕೀಲಿ ಒತ್ತುವಿಕೆಯೂ ತಿಳಿಯಲೇಬೇಕು. ಈ ಜಗ್ಗಾಟವನ್ನು ಬಿಡಿಸುವ ಕೆಲಸ ಈಚಿನ ವರ್ಷಗಳಲ್ಲಿ ನಡೆಯುತ್ತಿದೆ. ಭದ್ರತೆಯ ವಿನ್ಯಾಸ ಮಾಡುವ ದಿನವೇ ನಮ್ಮವರೊಬ್ಬರು ಆ ಮೇಜಿನ ಸುತ್ತ ಕೂತಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ. ಅಂದಹಾಗೆ, ಯಾವ ಯಂತ್ರವೇ ಆಗಲಿ, ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲು ಬರುವ ಬಯಾಸ್ ಪರದೆ ಸಾಮಾನ್ಯವಾಗಿ ಇವತ್ತಿಗೂ ಮೂಕ. ಅಲ್ಲಿ ಒಂದು ಸೆಟ್ಟಿಂಗ್ ಬದಲಿಸಲು ನಾನು ಯಾರನ್ನಾದರೂ ಕರೆಯಬೇಕು.

ಇನ್ನು ಫೋನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಟಚ್ ಸ್ಕ್ರೀನ್ ಬಂದಾಗ ನಮ್ಮ ಬಳಗದಲ್ಲಿ ದಿಗಿಲು ಹುಟ್ಟಿತ್ತು. ನೋಕಿಯಾ ಫೋನಿನ ಗುಂಡಿಗಳನ್ನು ಬೆರಳಿನಿಂದಲೇ ಗುರುತು ಹಿಡಿದು, ಅದರ ಮೇಲೆ ಟಾಕ್ಸ್‌ನಂಥ ದುಬಾರಿ ತಂತ್ರಾಂಶ ಹಾಕಿಕೊಂಡು ಬದುಕು ಹೇಗೋ ಹಾದಿಗೆ ಬಂದಿತ್ತು. ಅಷ್ಟರಲ್ಲಿ ಬರಿಯ ಗಾಜಿನ ಹಲಗೆ ಬಂತು. ಅದರಲ್ಲಿ ಮುಟ್ಟಿ ತಿಳಿಯಲು ಏನೂ ಇರಲಿಲ್ಲ. 2009ರ ಜೂನ್‌ನಲ್ಲಿ ಐಫೋನ್ 3ಜಿಎಸ್ ವಾಯ್ಸ್‌ಓವರ್ ಸಮೇತ ಬಂದಾಗ ಆ ದಿಗಿಲಿಗೆ ಉತ್ತರ ಸಿಕ್ಕಿತು. ಉಪಾಯ ಬಹಳ ಸರಳ. ಬೆರಳು ಇಟ್ಟರೆ ಅಲ್ಲಿ ಏನಿದೆ ಎಂದು ಹೇಳುತ್ತದೆ, ಆ್ಯಪ್ ತೆರೆಯುವುದಿಲ್ಲ. ಬೇಕೆನಿಸಿದರೆ ಎರಡು ಸಲ ತಟ್ಟಬೇಕು. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಪರದೆಯನ್ನು ಪೂರ್ತಿ ಕಪ್ಪು ಮಾಡುವ ಸೌಲಭ್ಯವೂ ಇದೆ. ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಮೆಸೇಜ್ ಇಣುಕಿ ನೋಡಲು ಆಗುವುದಿಲ್ಲ.

ಅದೇ ವರ್ಷ ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಬಂತು. ಅದರ ಆರಂಭದ ಕೆಲಸದಲ್ಲಿ ಟಿ.ವಿ. ರಾಮನ್ ಇದ್ದರು. ಪುಣೆಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡು, ಬಾಂಬೆ ಐಐಟಿ ಮುಗಿಸಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತದ ಸೂತ್ರಗಳನ್ನು ಕಿವಿಗೆ ತಿಳಿಯುವ ಹಾಗೆ ಓದಿಸುವ ವಿಷಯದಲ್ಲಿ ಪಿಎಚ್.ಡಿ. ಮಾಡಿದವರು. ಬೆರಳು ಆಡಿಸಿ ಹುಡುಕುವ ಸೌಕರ್ಯ ಆಂಡ್ರಾಯ್ಡ್‌ಗೆ 2011ರ 4.0 ಆವೃತ್ತಿಯಲ್ಲಿ ಬಂತು. ಇವತ್ತು ಕರ್ನಾಟಕದ ಹಳ್ಳಿಯೊಂದರಲ್ಲಿ ಕಣ್ಣು ಕಾಣದವರ ಕೈಯಲ್ಲಿ ಕಂಪ್ಯೂಟರ್ ಎಂದು ಏನಾದರೂ ಇದ್ದರೆ ಅದು ಸಾಮಾನ್ಯವಾಗಿ ಟಾಕ್‌ಬ್ಯಾಕ್ ಇರುವ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನೇ. ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ. ನಿಮ್ಮ ಫೋನ್‌ನಲ್ಲೂ ಇದೆ. ಮನೆಗೆ ಹೋಗಿ ಕಣ್ಣು ಮುಚ್ಚಿ ಒಂದು ಮೆಸೇಜ್ ಕಳಿಸಿ ನೋಡಿ. ಆರಿಸುವುದೂ ಅದೇ ಎರಡು ಗುಂಡಿಗಳಿಂದ, ಗಾಬರಿ ಬೇಡ.

ಫೋನ್ ನಮಗೆ ಕೊಟ್ಟದ್ದು ದೊಡ್ಡದು. ಸ್ವಂತ ದುಡ್ಡನ್ನು ಸ್ವಂತ ಕೈಯಿಂದ ಕಳಿಸುವುದು, ಯಾರ ಮುಂದೆಯೂ ಪಿನ್ ಹೇಳದೆ ಇರುವುದು, ಇದೆಲ್ಲ ನಿಮಗೆ ಸಣ್ಣದೆನಿಸಬಹುದು. ಹಾಗಾಗಿಯೇ ಇದು ಕೈತಪ್ಪಿದಾಗ ನೋವಾಗುತ್ತದೆ. ನಾನು ಬಳಸುತ್ತಿದ್ದ ಒಂದು ಬ್ಯಾಂಕಿನ ಆ್ಯಪ್ ಚೆನ್ನಾಗಿತ್ತು. ಬ್ಯಾಂಕಿನ ಹೆಸರು ಹೇಳುವುದಿಲ್ಲ. ಒಂದು ಬೆಳಿಗ್ಗೆ ಅಪ್‌ಡೇಟ್ ಆಯಿತು, ಹೊಸ ವಿನ್ಯಾಸ ಬಂತು. ತೆರೆದರೆ "ಬಟನ್, ಬಟನ್, ಇಮೇಜ್, ಬಟನ್". ಪಿನ್ ಹಾಕುವ ಜಾಗದಲ್ಲಿ ಅಂಕೆಗಳ ಜಾಗ ಪ್ರತಿ ಸಲ ಅದಲುಬದಲಾಗುತ್ತಿತ್ತು, ಅದು ಭದ್ರತೆಗಂತೆ. ಆದರೆ ಅಂಕೆಗಳಿಗೆ ಹೆಸರಿಲ್ಲ. ಹಿಂದಿನ ದಿನ ಮನೆ ಬಾಡಿಗೆ ಕಳಿಸಿದ್ದ ನಾನು ಆವತ್ತು ಕರೆಂಟ್ ಬಿಲ್ ಕಟ್ಟಲು ಪಕ್ಕದ ಮನೆಯ ಹುಡುಗನನ್ನು ಕರೆದು ಪಿನ್ ಹೇಳಬೇಕಾಯಿತು. ಫೋನ್ ಅದೇ, ಟಾಕ್‌ಬ್ಯಾಕ್ ಅದೇ. ಬದಲಾದದ್ದು ಯಾರೋ ಬರೆದ ಕೋಡ್. ಹೆಸರಿಲ್ಲದ ಬಟನ್ ಏನಿರಬಹುದು ಎಂದು ಚಿತ್ರ ನೋಡಿ ಊಹಿಸುವ ಸೌಲಭ್ಯ ಐಫೋನ್‌ನಲ್ಲಿ 2020ರ ಐಓಎಸ್ 14ರಿಂದ ಇದೆ. ಫೋಟೋ ವಿವರಿಸುವ ಕೃತಕ ಬುದ್ಧಿಮತ್ತೆ ಈಗ ಎಲ್ಲ ಕಡೆ ಬರುತ್ತಿದೆ. ಮದುವೆಯ ಫೋಟೋದಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದಾರೆ ಎಂದು ಅದರಿಂದ ಕೇಳಿ ಖುಷಿಪಟ್ಟಿದ್ದೇನೆ. ಆದರೆ ಹಣ ಕಳಿಸುವ ಬಟನ್ ಯಾವುದು ಎಂಬುದನ್ನು ಊಹೆಗೆ ಬಿಡಬಾರದು.

ಈ ಮಾತು ಈಗ ಬರಿಯ ಕೋರಿಕೆಯಾಗಿ ಉಳಿದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 42ನೇ ಸೆಕ್ಷನ್ ಎಲೆಕ್ಟ್ರಾನಿಕ್ ಮಾಧ್ಯಮ ನಮಗೂ ಎಟುಕುವಂತಿರಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬ್ಯಾಂಕ್ ಖಾತೆ, ಸಿಮ್ ಮುಂತಾದವಕ್ಕೆ ಆನ್‌ಲೈನ್‌ನಲ್ಲಿ ಮಾಡುವ ಗುರುತಿನ ಪರಿಶೀಲನೆಯಲ್ಲಿ, ಅಂದರೆ ಇ-ಕೆವೈಸಿಯಲ್ಲಿ, ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುತ್ತಾರಲ್ಲ, ಆ್ಯಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಹೇಗೆ ಮಿಟುಕಿಸಬೇಕು? ಮುಖ ಚೌಕಟ್ಟಿನೊಳಗೆ ಇದೆಯೋ ಇಲ್ಲವೋ ಎಂದು ಅಂಧರಿಗೆ ಹೇಗೆ ಗೊತ್ತಾಗಬೇಕು? ಅಂಥವರೇ ಹಾಕಿದ ಅರ್ಜಿಗಳ ಮೇಲೆ ನ್ಯಾಯಾಲಯ ಡಿಜಿಟಲ್ ಸೌಲಭ್ಯವನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, ಸರ್ಕಾರಕ್ಕೂ ನಿಯಂತ್ರಣ ಸಂಸ್ಥೆಗಳಿಗೂ 20 ನಿರ್ದೇಶನಗಳನ್ನು ಕೊಟ್ಟಿತು. ನೀವು ಮುಂದೆ ಕೆಲಸ ಮಾಡುವ ಕಂಪನಿಯಲ್ಲಿ ಇದಕ್ಕೆಲ್ಲ ಸಮಯ ಇಲ್ಲ ಎಂದು ಯಾರಾದರೂ ಹೇಳಿದರೆ ಈ ತೀರ್ಪನ್ನು ಅವರ ಮುಂದಿಡಿ.

ಈಗ ಕನ್ನಡಕ್ಕೆ ಬರುತ್ತೇನೆ. ನಾನು ಇಲ್ಲಿಗೆ ಬರಲು ಒಪ್ಪಿದ್ದೇ ಇದನ್ನು ಹೇಳಲು.

ಇಂಗ್ಲಿಷ್‌ನಲ್ಲಿ ಈ ಎಲ್ಲ ಯಂತ್ರಗಳೂ ಹೆಚ್ಚುಕಡಿಮೆ ಸಮ. ಕನ್ನಡಕ್ಕೆ ಬಂದರೆ ಯಂತ್ರದಿಂದ ಯಂತ್ರಕ್ಕೆ ಚಿತ್ರ ಬದಲಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಕನ್ನಡ ಧ್ವನಿ ಇದೆ, ಕೇಳಲು ಹಿತವಾಗಿದೆ. ಐಫೋನ್‌ಗೆ ಕನ್ನಡ ಧ್ವನಿ 2022ರ ಐಓಎಸ್ 16ರಲ್ಲಿ ಬಂತು. ವಿಂಡೋಸ್‌ನಲ್ಲಿ ಎನ್‌ವಿಡಿಎ ಜೊತೆ, ಲಿನಕ್ಸ್‌ನಲ್ಲಿ ಓರ್ಕಾ ಜೊತೆ ಬರುವುದು ಇಸ್ಪೀಕ್ ಎಂಬ ಧ್ವನಿ. ಮೊದಲ ಸಲ ಕೇಳಿದವರು ಇದೇನು ಯಂತ್ರದ ಗೊಗ್ಗರು ದನಿ ಎನ್ನುತ್ತಾರೆ. ಅದು ಮನುಷ್ಯರ ದನಿಯನ್ನು ಮುದ್ರಿಸಿಕೊಂಡು ಮಾಡಿದ್ದಲ್ಲ, ಲೆಕ್ಕದಿಂದ ಹುಟ್ಟಿಸಿದ ದನಿ. ಅದೇ ಅದರ ಬಲವೂ ಹೌದು. ಬಹಳ ವೇಗದಲ್ಲಿ ಓದಿಸಿದರೂ ವ್ಯಂಜನ ಕಳೆದುಹೋಗುವುದಿಲ್ಲ. ನಾನು ಕೆಲಸ ಮಾಡುವ ವೇಗದಲ್ಲಿ ಒಂದು ಪ್ಯಾರಾ ಕೇಳಿಸುತ್ತೇನೆ. ನಿಮಗೆ ಒಂದು ಪದವೂ ಹಿಡಿಯಲಿಲ್ಲ ಅಲ್ಲವೇ? ರೂಢಿಯಾದ ಕಿವಿಗೆ ಇದು ನಿಧಾನವೇ.

ಧ್ವನಿ ಇದ್ದರೂ ಓದಿಸಲು ಅಕ್ಷರ ಸಿಗಬೇಕು. ಇಲ್ಲಿ ಒಂದು ಪಿಡಿಎಫ್ ಇದೆ. ಕನ್ನಡದ ಒಂದು ಸುತ್ತೋಲೆ, ಯಾವ ಕಚೇರಿಯದು ಎಂಬುದು ಮುಖ್ಯವಲ್ಲ. ಮೇಲಿನ ಸಾಲಿನಲ್ಲಿ 'ಕರ್ನಾಟಕ' ಎಂದು ದೊಡ್ಡದಾಗಿ ಕಾಣುತ್ತಿದೆಯಂತೆ. ನಾನು ಒಂದೊಂದೇ ಅಕ್ಷರ ಓದಿಸುತ್ತೇನೆ, ಗಮನವಿಟ್ಟು ಕೇಳಿ. "ಪಿ. ಎ ಗ್ರೇವ್. ಪೌಂಡ್. ಎ ಅಕ್ಯೂಟ್. ಎಥ್. ಎಲ್. ಪಿ. ಎ ಗ್ರೇವ್." ಇದು ನಮ್ಮ ನಾಡಿನ ಹೆಸರು. ಪೌಂಡ್ ಎಂದರೆ ಇಂಗ್ಲೆಂಡಿನ ದುಡ್ಡಿನ ಚಿಹ್ನೆ, ಎಥ್ ಎಂದರೆ ಐಸ್‌ಲ್ಯಾಂಡಿನ ಭಾಷೆಯಲ್ಲಿರುವ ಒಂದು ಅಕ್ಷರ.

ಹೀಗೇಕೆ ಎಂದರೆ, ಹಳೆಯ ನುಡಿ ಫಾಂಟುಗಳು ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ಹುಟ್ಟಿದವು. ಕಡತದೊಳಗೆ ಇರುವುದು ರೋಮನ್ ಸಂಕೇತ. ಫಾಂಟಿನಲ್ಲಿ ಪಿ ಅಕ್ಷರದ ಜಾಗದಲ್ಲಿ ತಲೆಕಟ್ಟಿಲ್ಲದ ಕ ಅಕ್ಷರದ ಚಿತ್ರ, ಎ ಗ್ರೇವ್ ಜಾಗದಲ್ಲಿ ತಲೆಕಟ್ಟಿನ ಚಿತ್ರ ಇಟ್ಟಿದ್ದಾರೆ. ಎರಡೂ ಸೇರಿ ಕಣ್ಣಿಗೆ 'ಕ' ಆಗುತ್ತದೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಕನ್ನಡ ಗಣಕ ಪರಿಷತ್ತು ನುಡಿಯನ್ನು ಕೊಡದೇ ಹೋಗಿದ್ದರೆ ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪ್ ಮಾಡುವುದು ಎಷ್ಟೋ ತಡವಾಗುತ್ತಿತ್ತು. ಅದನ್ನು ಮಾಡಿದವರ ಮೇಲೆ ನನಗೆ ಗೌರವವೇ ಇದೆ. ಆದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಈಗ ಬರುತ್ತಿರುವ ನುಡಿ, ಬರಹ ತಂತ್ರಾಂಶಗಳಲ್ಲೂ ಯುನಿಕೋಡ್ ಆಯ್ಕೆ ಇದೆ. ಆದರೂ ಪುಸ್ತಕದ ಪುಟ ಕಟ್ಟುವ ಡಿಟಿಪಿ ಅಂಗಡಿಗಳಲ್ಲಿ, ಎಷ್ಟೋ ಕಚೇರಿಗಳಲ್ಲಿ ಹಳೆಯದೇ ನಡೆಯುತ್ತಿದೆ.

ಆ ಎಥ್ ಅಕ್ಷರ ಎಲ್ಲಿ ಬಂತು ಗಮನಿಸಿದಿರಾ? ಅದು ಅರ್ಕಾವತ್ತು. ಬರೆಯುವಾಗ ಅರ್ಕಾವತ್ತು 'ನಾ' ಆದಮೇಲೆ ಬಲಕ್ಕೆ ಬರುತ್ತದೆ, ಹಳೆಯ ಫಾಂಟು ಅದನ್ನು ಹಾಗೇ, ಕಂಡ ಕ್ರಮದಲ್ಲೇ ಇಡುತ್ತದೆ. ಯುನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ಕ, ರ, ವಿರಾಮ (ಅರ್ಧಾಕ್ಷರದ ಗುರುತು), ನ, 'ಆ' ಸ್ವರದ ಚಿಹ್ನೆ, ಟ, ಕ. ಒಟ್ಟು ಏಳು ಸಂಕೇತ. ಬ್ರೈಲ್‌ನಲ್ಲಿ ಬೆರಳಿಗೆ ಸಿಗುವ ಕ್ರಮವೂ ಉಚ್ಚಾರದ ಕ್ರಮವೇ. ಯುನಿಕೋಡ್‌ನಲ್ಲಿ ಬರೆದ ಒಂದು ಕಡತ ಯಾವ ಯಂತ್ರಕ್ಕೆ ಹೋದರೂ ದನಿಯಾಗುತ್ತದೆ, ಬ್ರೈಲ್ ಆಗುತ್ತದೆ, ಹುಡುಕಿದರೆ ಸಿಗುತ್ತದೆ.

ವೆಬ್ ಪುಟ ಬರೆಯುವವರಿಗೆ ಇನ್ನೊಂದು ಮಾತು. ಪುಟದ ಭಾಷೆ ಕನ್ನಡ ಎಂದು ಕೋಡ್‌ನಲ್ಲಿ ಹೇಳಬೇಕು, ಕೆ ಎನ್ ಎಂಬ ಎರಡೇ ಅಕ್ಷರ. ಅದಿದ್ದರೆ ಎನ್‌ವಿಡಿಎ ತಾನಾಗಿ ಕನ್ನಡ ಧ್ವನಿಗೆ ಬದಲಾಗಬಲ್ಲದು. ಎಷ್ಟೋ ಕನ್ನಡ ತಾಣಗಳು ಭಾಷೆ ಇಂಗ್ಲಿಷ್ ಎಂದು ಘೋಷಿಸಿಕೊಂಡು ಕೂತಿವೆ. ಬಳಸಿದ ಟೆಂಪ್ಲೇಟ್‌ನಲ್ಲಿ ಹಾಗಿತ್ತು, ಯಾರೂ ಬದಲಿಸಲಿಲ್ಲ. ಆಗ ಹಲವು ಇಂಗ್ಲಿಷ್ ಧ್ವನಿಗಳು ಕನ್ನಡ ಬಂದ ಕಡೆ ಸುಮ್ಮನಾಗುತ್ತವೆ. ಪುಟ ಖಾಲಿಯಿದೆ ಎಂದು ತಿಳಿದು ನಾವು ಮುಚ್ಚಿ ಹೋಗುತ್ತೇವೆ.

ವಿದ್ಯಾರ್ಥಿಗಳಿಗೆ ನಾನು ಕೇಳಿಕೊಳ್ಳುವುದು ಬಹಳ ಕಡಿಮೆ. ನಿಮ್ಮ ಪ್ರಾಜೆಕ್ಟ್ ಮುಗಿದ ದಿನ ಎನ್‌ವಿಡಿಎ ಹಾಕಿ, ಮೌಸ್ ಅನ್ನು ಪಕ್ಕಕ್ಕೆ ಇಟ್ಟು, ಮಾನಿಟರ್ ಆರಿಸಿ, ಅದನ್ನು ಬಳಸಿ ನೋಡಿ. ಲಾಗಿನ್ ಆಗಲು ಬಂತೇ? ಎಲ್ಲ ಬಟನ್‌ಗೂ ಹೆಸರಿದೆಯೇ? ತಪ್ಪು ಪಾಸ್‌ವರ್ಡ್ ಹಾಕಿದಾಗ ಕೆಂಪು ಬಣ್ಣ ಬಿಟ್ಟು ಬೇರೆ ಸೂಚನೆ ಕೇಳಿಸಿತೇ? ಜಗತ್ತಿನ ಹತ್ತು ಲಕ್ಷ ಮುಖಪುಟಗಳನ್ನು ವೆಬ್‌ಏಮ್ ಪ್ರತಿ ವರ್ಷ ಯಂತ್ರದಿಂದ ಪರೀಕ್ಷಿಸುತ್ತದೆ. 2025ರಲ್ಲಿ ಶೇ 94.8ರಷ್ಟು ಪುಟಗಳಲ್ಲಿ ನಮ್ಮಂಥವರಿಗೆ ಅಡ್ಡಿಯಾಗುವ ದೋಷ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ಪುಟಗಳಲ್ಲಿ ಚಿತ್ರಗಳಿಗೆ ವಿವರಣೆ ಇಲ್ಲ. ಇವು ದೊಡ್ಡ ಸಂಶೋಧನೆ ಬೇಕಾದ ಸಮಸ್ಯೆಗಳಲ್ಲ, ಬಹುಪಾಲು ಅದೇ ಆರು ಬಗೆಯ ಲೋಪಗಳು. ಬೆಂಗಳೂರಿನಲ್ಲಿ ಕೂತು ಜಗತ್ತಿಗೆಲ್ಲ ತಂತ್ರಾಂಶ ಬರೆಯುವ ನಮ್ಮ ಹುಡುಗರು ಕೈ ಹಾಕಿದರೆ ಇದರಲ್ಲಿ ಎಷ್ಟೋ ಸರಿಯಾಗುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಎರಡು ಎಲ್ಲರಿಗೂ ಉಪಯೋಗಕ್ಕೆ ಬರಬಹುದು.

ಒಬ್ಬ ಅಧ್ಯಾಪಕಿ ಎದ್ದು, "ಸರ್, ನಮ್ಮ ತಂದೆಗೆ ಶುಗರ್‌ನಿಂದ ಈಚೆಗೆ ದೃಷ್ಟಿ ಹೋಗಿದೆ. ಇಂಗ್ಲಿಷ್ ಅಷ್ಟಾಗಿ ಬರಲ್ಲ. ಅವರಿಗೆ ಯಾವುದು ಕೊಡಿಸಲಿ?" ಎಂದು ಕೇಳಿದರು. ನಾನು ಹೇಳಿದೆ: "ಮೇಡಂ, ಈಗಾಗಲೇ ಅವರ ಹತ್ತಿರ ಆಂಡ್ರಾಯ್ಡ್ ಇದ್ದರೆ ಹೊಸದು ಕೊಡಿಸಬೇಡಿ, ರೂಢಿಯಾದ ಫೋನೇ ಇರಲಿ. ಟಾಕ್‌ಬ್ಯಾಕ್ ಹಾಕಿ, ಧ್ವನಿ ಕನ್ನಡಕ್ಕೆ ಬದಲಿಸಿ, ವೇಗ ಕಡಿಮೆ ಮಾಡಿ. ಮೊದಲ ವಾರ ಫೋನ್ ಎತ್ತುವುದು, ಇಡುವುದು, ಗಂಟೆ ಕೇಳುವುದು ಇಷ್ಟೇ ಕಲಿಸಿ. ನೀವು ಅವರ ಬೆರಳು ಹಿಡಿದು ಒತ್ತಿಸಬೇಡಿ, ಅವರೇ ಹುಡುಕಲಿ, ಹೊತ್ತು ಹಿಡಿಯಲಿ. ಬೆಂಗಳೂರಿನಲ್ಲಿ ಇದ್ದೀರಾದರೆ ಮಿತ್ರಜ್ಯೋತಿ, ಸಮರ್ಥನಂ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳಲ್ಲಿ ವಿಚಾರಿಸಿ. ಇದೇ ವಯಸ್ಸಿನಲ್ಲಿ ದೃಷ್ಟಿ ಹೋದ ಇನ್ನೊಬ್ಬರ ಜೊತೆ ಮಾತಾಡಿದರೆ ಅವರಿಗೆ ಬರುವ ಧೈರ್ಯ ನಮ್ಮ ಪಾಠದಿಂದ ಬರುವುದಿಲ್ಲ."

ಕೊನೆಯ ಪ್ರಶ್ನೆ ಗ್ರಂಥಾಲಯದವರದ್ದು. ಹಳೆಯ ನುಡಿ ಫಾಂಟಿನ ಕಡತಗಳು, ಸ್ಕ್ಯಾನ್ ಮಾಡಿದ ಪುಸ್ತಕಗಳು ರಾಶಿ ಬಿದ್ದಿವೆ, ಏನು ಮಾಡಲಿ, ಕಾಪಿರೈಟ್ ತೊಂದರೆ ಬರುತ್ತದೆಯೇ ಎಂದರು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಿಕಲಚೇತನರ ಬಳಕೆಗಾಗಿ ಅವರು ಓದಬಲ್ಲ ರೂಪದಲ್ಲಿ ಪ್ರತಿ ಮಾಡುವುದಕ್ಕೆ ವಿನಾಯಿತಿ ಇದೆ. ಇಂಥ ಪುಸ್ತಕಗಳು ಗಡಿ ದಾಟಿ ಹೋಗಲು ಅವಕಾಶ ಕೊಡುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದೇ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಆ ಪುಸ್ತಕ ಆಗಲೇ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ನುಡಿ ಕಡತವಾದರೆ ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತನ್ನಿ, ಮೂಲವನ್ನು ಅಳಿಸಬೇಡಿ. ಅರ್ಕಾವತ್ತು, ಒತ್ತಕ್ಷರ, ನಡುವೆ ಬರುವ ಇಂಗ್ಲಿಷ್ ಪದ ಇವು ಮೂರು ಕಡೆ ಪರಿವರ್ತನೆ ಹೆಚ್ಚಾಗಿ ಕೆಡುತ್ತದೆ, ಅಲ್ಲಿ ಮನುಷ್ಯರು ನೋಡಬೇಕು. ಸ್ಕ್ಯಾನ್ ಪುಟಗಳಾದರೆ ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕಟ್ಟಿದ ಲಿಪಿ ಜ್ಞಾನಿ ಕನ್ನಡ ಅಚ್ಚಿಗೆಂದೇ ಮಾಡಿದ್ದು. ಉಚಿತವಾಗಿ ಸಿಗುವ ಟೆಸೆರಾಕ್ಟ್ ಕೂಡ ಕನ್ನಡ ಓದುತ್ತದೆ. ಓಸಿಆರ್ ಆದ ಪಠ್ಯವನ್ನು ತಿದ್ದಲು ಕಣ್ಣು ಕಾಣದ ಓದುಗರನ್ನೇ ಕರೆಯಿರಿ, ದೀರ್ಘ ತಪ್ಪಿದ್ದು, ಒತ್ತು ಬಿಟ್ಟದ್ದು ನಮ್ಮ ಕಿವಿಗೆ ಬೇಗ ತಾಗುತ್ತದೆ. ಪದವಿ ತರಗತಿಯ ಪಠ್ಯಪುಸ್ತಕಗಳಿಂದ ಶುರು ಮಾಡಿ, ಕಾದಂಬರಿಗಳು ಆಮೇಲೆ ಬರಲಿ. ಪುಸ್ತಕಗಳ ಪಟ್ಟಿ ಸಿದ್ಧವಾದರೆ ನನಗೆ ಕಳಿಸಿ, ಓದಿ ತಿದ್ದುವವರನ್ನು ನಾನು ಹುಡುಕಿಕೊಡುತ್ತೇನೆ.